ಅಗಸಿ ಮುದುಕನ ದನಿ

ರಂಗಂಪೇಟೆ, ಸುರಪುರ
14 ಅಕ್ಟೋಬರ್ 2024

ಮಲ್ಲೇಶ್ವರಿ,

ನಿನ್ನ ಸೋದರಮಾವ ಜಗದೇವಪ್ಪ ಬರೆಯುತ್ತಿದ್ದೇನೆ. ಹೈದರಾಬಾದಿನಿಂದ ನೀನು ಒಂಬತ್ತು ಸಲ ಫೋನು ಮಾಡಿದ್ದನ್ನು ನೋಡಿದೆ. ಎತ್ತಲಿಲ್ಲವೆಂದು ಮುನಿಸಿಕೊಳ್ಳಬೇಡ. ಎತ್ತಿ ಏನು ಮಾಡಲಿ? ಮೂರು ತಿಂಗಳು ಬಾಯಿ ಬಿಡಬಾರದೆಂದು ಕಲಬುರಗಿಯ ಡಾಕ್ಟರ ಹುಕುಂ ಆಗಿದೆ. ಗಂಟಲಲ್ಲಿ ಕಡಲೆಕಾಳಿನಷ್ಟು ಒಂದು ಗಂಟು ಇತ್ತು, ತೆಗೆದು ಬಿಸಾಕಿದರು. ಅಷ್ಟೇ. ಆ ಡಾಕ್ಟರು ನನ್ನ ಗಂಟಲಿಗೆ ಬ್ಯಾಟರಿ ಬಿಟ್ಟು, ಕಲಿಯುವ ಡಾಕ್ಟರುಗಳನ್ನೆಲ್ಲ ಕರೆದು, "ನೋಡ್ರಿ, ಮೂವತ್ತು ವರ್ಷ ಮೈಕ್ ಹಿಡದ ಗಂಟಲು ಹಿಂಗಿರತದ" ಎಂದು ತೋರಿಸಿದರು. ನಾನು ಬಾಯಿ ತೆರೆದುಕೊಂಡೇ ಹೆಮ್ಮೆಪಟ್ಟೆ.

ಬರೆಯುವುದು ನನಗೇನೂ ಕಷ್ಟವಲ್ಲ. ರಾಮಸಮುದ್ರದ ಸಾಲೆಯಲ್ಲಿ ಏಳನೆಯ ತರಗತಿ ಪಾಸಾದವನು ನಾನು. ಆಗಿನ ಏಳು ಈಗಿನ ಬಿ.ಎ.ಗೆ ಸಮ. ನಮ್ಮ ಮಾಸ್ತರರು ನನ್ನ ಅಕ್ಷರ ನೋಡಿ ತಮ್ಮ ಅಕ್ಷರ ಅಳಿಸಿಬಿಡುತ್ತಿದ್ದರು.

ಊರಿನದೇ ಚಿಂತೆ. ಮನ್ಸೂರಅಲಿಯ ಆಟೋದಲ್ಲಿ ಕೂತು ನಾನು ಮೈಕ್ ಹಿಡಿಯದಿದ್ದರೆ ಸೀರೆಯ ಸೇಲು, ಕಳೆದುಹೋದ ಎಮ್ಮೆ, ಕಣ್ಣಿನ ಕ್ಯಾಂಪು ಯಾವುದೂ ಯಾರಿಗೂ ತಿಳಿಯುವುದಿಲ್ಲ. ಸುರಪುರದಲ್ಲಿ ಯಾರಾದರೂ ಸತ್ತರೆ ನಾನು ಸಾರಿದ ಮೇಲೆಯೇ ಸತ್ತಂತೆ. ಈಗ ಜನ ಸಾಯಲು ಹಿಂದೆಮುಂದೆ ನೋಡುತ್ತಿದ್ದಾರೆ. ಮನ್ಸೂರ ದಿನಾ ಬಂದು, "ಅಣ್ಣಾ, ಯಾವಾಗ ಬರ್ತೀರಿ? ಆಟೋ ಮೂಕ ಆಗ್ಯದ್ರಿ" ಎನ್ನುತ್ತಾನೆ.

ನೀನು ನೋಡಲು ಬರುವುದೇನೂ ಬೇಡ. ನಿನ್ನತ್ತೆ ಹೋಗಿ ಮೂರು ವರ್ಷವಾದರೂ ಈ ಮನೆಗೆ ಜನ ಬರುವುದು ತಪ್ಪಿಲ್ಲ. ಈಗಂತೂ ನನ್ನ ಆರೋಗ್ಯ ವಿಚಾರಿಸಲು ಬಂದವರಿಗೆ ಕೂಡಲು ಚಾಪೆ ಸಾಲುತ್ತಿಲ್ಲ.

ನಿಮ್ಮ ಕಂಪ್ಯೂಟರ್ ಆಟದೊಳಗೆ ನಾನು ದನಿ ಕೊಟ್ಟ ಆ ಅಗಸಿ ಮುದುಕ ಹೇಗಿದ್ದಾನೆ? ಇನ್ನೂ ಊರ ಬಾಗಿಲು ಕಾಯುತ್ತಿದ್ದಾನೋ, ಮಲಗಿದ್ದಾನೋ? ಪತ್ರದಲ್ಲೇ ತಿಳಿಸು.

ನಿನ್ನ ಮಾವ

*

ಹೈದರಾಬಾದ್
28 ಅಕ್ಟೋಬರ್ 2024

ಮಾವನಿಗೆ ಮಲ್ಲೇಶ್ವರಿಯ ನಮಸ್ಕಾರ.

ನಿಮ್ಮ ಪತ್ರ ಬಂದ ಮೇಲೆ ಉಸಿರು ಬಂತು. ನಾನು ಏನೇನೋ ಅಂದುಕೊಂಡಿದ್ದೆ. ಮೂರು ತಿಂಗಳಲ್ಲವೇ, ಕಳೆದುಹೋಗುತ್ತದೆ. ನಿಮ್ಮ ಬಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದು ಮಾತ್ರ ನಗು ಬಂತು.

ನಿಮ್ಮ ಮುದುಕ ಚೆನ್ನಾಗಿದ್ದಾನೆ. ನಮ್ಮ ಕಚೇರಿಯಲ್ಲಿ ಅವನಷ್ಟು ಹೆಸರು ಯಾರಿಗೂ ಇಲ್ಲ. 'ಏಳು ಕೋಟೆ' ಆಟಕ್ಕೆ ಈಗ ಐದು ಭಾಷೆಗಳಲ್ಲಿ ಲಕ್ಷಗಟ್ಟಲೆ ಆಟಗಾರರು. ಆಟಗಾರರು ಒಬ್ಬೊಬ್ಬ ವೀರನ ವೇಷ ತೊಟ್ಟು ಕೋಟೆಯಿಂದ ಕೋಟೆಗೆ ಹೋಗುತ್ತಾರೆ, ಪ್ರತಿಯೊಬ್ಬರೂ ಮೊದಲು ನಿಮ್ಮ ಅಗಸಿ ದಾಟಲೇಬೇಕು.

ಎರಡು ವರ್ಷದ ಹಿಂದೆ ನೀವು ಇಲ್ಲಿಗೆ ಬಂದು ಮಾಡಿದ ಗಲಾಟೆ ನೆನಪಿದೆಯೇ? ಮೈಕನ್ನು ಸ್ಟ್ಯಾಂಡಿಗೆ ಹಾಕಿದರೆ ಮಾತೇ ಹೊರಡುವುದಿಲ್ಲವೆಂದು ಕೈಯಲ್ಲಿ ಹಿಡಿದುಕೊಂಡಿರಿ. "ಎಲ್ಲಿಗೆ ಹೊರಟಿರುವೆ, ವೀರನೇ?" ಎಂದು ಬರೆದುಕೊಟ್ಟರೆ, "ಹೊಂಟವರಿಗೆ ಎಲ್ಲಿಗೆ ಅಂತ ಕೇಳಬಾರ್ದು, ಹೋದ ಕೆಲಸ ಆಗಂಗಿಲ್ಲ. ನಾ ಹೇಳಂಗಿಲ್ಲ" ಎಂದು ಹಟ ಹಿಡಿದಿರಿ. ನಮ್ಮ ಮ್ಯಾನೇಜರ್ ಗಾಜಿನ ಆಚೆ ಕೂತು ತಲೆ ಚಚ್ಚಿಕೊಂಡರು. ಕೊನೆಗೆ ನೀವು ನಿಮ್ಮಷ್ಟಕ್ಕೇ, "ಉಂಡಿಯೇನು? ಮುಖ ಬಾಡ್ಯದ" ಎಂದಿರಿ. ಕೋಣೆ ನಮಗೆ ಸಿಕ್ಕಿದ್ದ ಹೊತ್ತು ಮುಗಿದಿತ್ತು. ಅದನ್ನೇ ಇಟ್ಟೆವು.

ಈಗ ಆಟಗಾರರು ಅದಕ್ಕೇ ಬರುತ್ತಾರೆ. ಸೈದಾಪುರದ ಹತ್ತಿರ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಬಸವಕುಮಾರ ಎಂಬವನು ನಮಗೆ ಬರೆದಿದ್ದಾನೆ: "ನಾನು ಹೋರಾಡುವುದಿಲ್ಲ. ಪಾಳಿ ಮುಗಿಸಿ ರೂಮಿಗೆ ಬಂದು ಆಟ ತೆಗೆಯುತ್ತೇನೆ. ಮುದುಕ ಉಂಡಿಯೇನು ಅಂತಾನೆ. ಆಮೇಲೆ ಅಡುಗೆ ಮಾಡಿಕೊಳ್ಳುತ್ತೇನೆ." ಅದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ.

ನಿಮ್ಮ ಸುರಪುರದ ನೆಟ್ ಸೆಂಟರೊಂದರಲ್ಲೇ ಇನ್ನೊಬ್ಬ ಅಭಿಮಾನಿ ಇದ್ದಾನೆ. ಒಂದು ತಿಂಗಳಿಂದ ದಿನಾ ಸಂಜೆ ನಾಲ್ಕಕ್ಕೆ ಬಂದು, ಕತ್ತಿ ಇಲ್ಲ, ಗುರಾಣಿ ಇಲ್ಲ, ಒಂದೂವರೆ ತಾಸು ಮುದುಕನ ಎದುರು ನಿಂತು ಹೋಗುತ್ತಾನೆ. ಒಂದು ಹೆಜ್ಜೆಯೂ ಮುಂದೆ ಇಡುವುದಿಲ್ಲ. ಆಡಲು ಬಾರದ ಯಾರೋ ಶಾಲೆಯ ಮಕ್ಕಳಿರಬೇಕು.

ಮುಖ್ಯ ಸಂಗತಿ: ಏಪ್ರಿಲ್‌ನಲ್ಲಿ ಹೊಸ ಅಧ್ಯಾಯ. ಕಥೆಯಲ್ಲಿ ಅಗಸಿಗೆ ಬೆಂಕಿ ಬೀಳುತ್ತದೆ, ಮುದುಕನಿಗೆ ಎಂಬತ್ತು ಹೊಸ ಮಾತುಗಳಿವೆ. ಹಳೆಯವು ಇನ್ನು ಹೊಂದುವುದಿಲ್ಲ. ಜನವರಿ ಕೊನೆಗೆ ರೆಕಾರ್ಡಿಂಗ್. ಗಂಟಲನ್ನು ಜೋಪಾನ ಮಾಡಿಕೊಳ್ಳಿ.

ನಿಮ್ಮ
ಮಲ್ಲಿ

*

ರಂಗಂಪೇಟೆ
15 ನವೆಂಬರ್ 2024

ಮಲ್ಲವ್ವ,

ಎಂಬತ್ತೇಕೆ, ಎಂಟುನೂರು ಬರೆದಿಡು. ದನಿ ಬರುತ್ತಿದೆ. ಮೊನ್ನೆ ಬಚ್ಚಲಲ್ಲಿ ಒಂದು ಸಲ ಗಂಟಲು ಸರಿಮಾಡಿಕೊಂಡೆ. ಪಕ್ಕದ ಮನೆಯ ಚಾಂದಬೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಜಗದೇವಣ್ಣನ ಆವಾಜ್ ಬಂತ್ರಿ" ಎಂದಳು. ಬಡಿದ ರೊಟ್ಟಿ ಹರಿದುಹೋಯಿತಂತೆ.

ಆ ಸುರಪುರದ ಅಭಿಮಾನಿ ಯಾರೆಂದು ನಾನು ಹೇಗೆ ಹೇಳಲಿ? ಈ ಊರಲ್ಲಿ ನನ್ನ ಅಭಿಮಾನಿಗಳನ್ನು ಎಣಿಸಲು ಜನಗಣತಿ ಬರೆಯುವ ತಲಾಠಿಯೇ ಬರಬೇಕು. ಆದರೆ ಅವನು ಶಾಲೆಯ ಹುಡುಗನೆಂದು ನೀನು ತೀರ್ಪು ಕೊಟ್ಟದ್ದು ಸರಿಯಲ್ಲ. ಯಾರೋ ತಿಳಿವಳಿಕೆಯುಳ್ಳ ಮನುಷ್ಯನೇ ಇರಬೇಕು. ನಿಂತು ಕೇಳುವವನು ದಡ್ಡನಾಗುವುದಿಲ್ಲ.

ಆ ಬಸವಕುಮಾರನಿಗೆ ಬರೆ: ಮೊದಲು ಅಡುಗೆ ಮಾಡಿಕೊ, ಆಮೇಲೆ ಆಟ ತೆಗೆ ಎಂದು ಮುದುಕ ಬೈದನೆಂದು ಹೇಳು.

ದೀಪಾವಳಿಗೆ ಬರುವವಳು ಈ ಸಲ ಬರಲಿಲ್ಲ. ಬಾರದ್ದು ಒಳ್ಳೆಯದೇ ಆಯಿತು. ಸುಣ್ಣ ಹೊಡೆಸುತ್ತಿದ್ದೆ. ಈಗಲೂ ಮುಗಿದಿಲ್ಲ.

ಮಾವ

*

ಹೈದರಾಬಾದ್
6 ಜನವರಿ 2025

ಮಾವನಿಗೆ ನಮಸ್ಕಾರ.

ನಿಮ್ಮಿಂದ ಏಳು ವಾರ ಪತ್ರವಿಲ್ಲ. ಮನ್ಸೂರಅಲಿಯವರಿಗೆ ಫೋನು ಮಾಡಿದೆ. "ಅಣ್ಣ ಛಲೋ ಇದ್ದಾರ್ರಿ" ಎಂದರು. ಆಮೇಲೆ ಏನೋ ಹೇಳಲು ಹೋಗಿ, "ಗಾಡಿ ಮ್ಯಾಲ ಇದ್ದೀನಿ ಬೇಟಾ" ಎಂದು ಇಟ್ಟುಬಿಟ್ಟರು. ಹಿಂದೆ ಗಾಡಿಯ ಸದ್ದೇನೂ ಇರಲಿಲ್ಲ.

ಇಲ್ಲಿ ದನಿಯ ಬಗ್ಗೆ ದೊಡ್ಡ ಚರ್ಚೆ ನಡೆದಿದೆ. ಬರಹವಾದರೆ ಒಬ್ಬರು ಒಂದು ಮಧ್ಯಾಹ್ನದಲ್ಲಿ ತಿದ್ದಿಬಿಡುತ್ತಾರೆ. ದನಿಯಾದರೆ ಒಂದು ಸಾಲು ಬದಲಾದರೂ ಐದು ಊರುಗಳಿಂದ ಐವರನ್ನು ಕರೆಸಬೇಕು, ಕೋಣೆ ಕಾದಿರಿಸಬೇಕು, ಬೊಂಬೆಯ ತುಟಿಗೆ ಮಾತನ್ನು ಕೂಡಿಸಬೇಕು. ಮೂರು ತಿಂಗಳಿಗೊಮ್ಮೆ ಕಥೆ ಬದಲಾಗುವ ಆಟಕ್ಕೆ ಇದು ತುಂಬ ದುಬಾರಿ ಎನ್ನುತ್ತಾರೆ. ದನಿ ಬದಲಾದರೆ ಆಟಗಾರರು ಒಪ್ಪುವುದಿಲ್ಲ, ಹಾಗಾಗಿ ಬೇರೆಯವರನ್ನು ತರುವಂತಿಲ್ಲ. ಅದೇ ಮುದುಕ ಮಾತಾಡಬೇಕು, ಇಲ್ಲವಾದರೆ ಏಪ್ರಿಲ್‌ನಿಂದ ಅವನಿಗೆ ಬರೀ ಬರಹ. ನೀವು ಬಂದು ಆ ಎಂಬತ್ತು ಮಾತು ಹೇಳಿಬಿಟ್ಟರೆ ನಾನು ಎಲ್ಲರ ಬಾಯಿ ಮುಚ್ಚಿಸುತ್ತೇನೆ.

ಜನವರಿ 27ರ ಬೆಳಗಿನ ಗಾಡಿಗೆ ಯಾದಗಿರಿಯಿಂದ ಟಿಕೆಟ್ ಮಾಡಿಸಿ ಇದರೊಂದಿಗೆ ಇಟ್ಟಿದ್ದೇನೆ. ಬೇಗಂಪೇಟೆ ಸ್ಟೇಷನ್ನಿನಲ್ಲಿ ನಾನೇ ನಿಂತಿರುತ್ತೇನೆ.

ಮಲ್ಲಿ

*

ರಂಗಂಪೇಟೆ
2 ಫೆಬ್ರವರಿ 2025

ಮಲ್ಲವ್ವ,

ನೀನು ಬೇಗಂಪೇಟೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆ ಎಂದು ಕೇಳಲು ನನಗೆ ಮುಖವಿಲ್ಲ.

ನಾನು ಹೊರಟಿದ್ದೆ. ಇಸ್ತ್ರಿ ಮಾಡಿದ ಧೋತರ ಉಟ್ಟು, ಶಹಾಪುರದ ಮೇಲಿನ ಮೊದಲ ಬಸ್ಸಿಗೆ ಯಾದಗಿರಿಗೆ ಬಂದು, ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಕೂತ ಹೆಣ್ಣುಮಗಳೊಬ್ಬಳು, "ಕಾಕಾ, ಈ ಗಾಡಿ ತಾಂಡೂರಿಗೆ ನಿಲ್ಲತದೇನ್ರಿ?" ಎಂದಳು. ನಿಲ್ಲುತ್ತದೆ ಎಂದು ತಲೆ ಆಡಿಸಿದೆ. ಆಕೆ ಮತ್ತೆ ಕೇಳಿದಳು, ನಾನು ಮತ್ತೆ ತಲೆ ಆಡಿಸಿದೆ. "ಸೊಕ್ಕು ನೋಡ್ ಮುದುಕಂದು" ಎಂದು ಎದ್ದು ಹೋದಳು. ಗಾಡಿ ಬಂತು, ಹೋಯಿತು. ಟಿಕೆಟ್ ನನ್ನ ಕಿಸೆಯಲ್ಲೇ ಇತ್ತು.

ಕಡಲೆಕಾಳಿನಷ್ಟು ಗಂಟು ಎಂದದ್ದು ಸುಳ್ಳು. ದನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ಒಂದು ತೂತಿದೆ, ಅದರಿಂದಲೇ ಉಸಿರಾಡುತ್ತೇನೆ. ಮೇಲೆ ಬಟ್ಟೆ ಕಟ್ಟಿಕೊಂಡಿದ್ದೇನೆ. ಮೂರು ತಿಂಗಳಲ್ಲ, ಇನ್ನು ಎಂದಿಗೂ ಇಲ್ಲ. ಚಾಂದಬೀ ಏನೂ ಕೇಳಲಿಲ್ಲ, ರೊಟ್ಟಿಯೂ ಹರಿಯಲಿಲ್ಲ. ಗಂಟಲಿಗೆ ಹಿಡಿದು ಮಾತಾಡುವ ಒಂದು ಮಷೀನನ್ನು ಆಸ್ಪತ್ರೆಯವರು ಕೊಟ್ಟಿದ್ದಾರೆ. ಹಿಟ್ಟಿನ ಗಿರಣಿ ಮಾತಾಡಿದಂತೆ ಕೇಳುತ್ತದೆ. ಒಂದೇ ದಿನ ಹಿಡಿದೆ. ಮನ್ಸೂರ ಮುಖ ಆ ಕಡೆ ತಿರುಗಿಸಿದ. ಟ್ರಂಕಿನಲ್ಲಿ ಇಟ್ಟಿದ್ದೇನೆ.

ಊರಿಗೆ ಗೊತ್ತಾಗಿದ್ದರೂ ನಿನಗೆ ಹೇಳಲು ಆಗಲಿಲ್ಲ. ನಿನ್ನೊಬ್ಬಳ ಲೆಕ್ಕದಲ್ಲಾದರೂ ಗಂಟಲು ಇರಲಿ ಎಂದುಕೊಂಡೆ. ಇನ್ನು ಮುದುಕನ ಮಾತು ಕೇಳಬೇಡ. ಅವನಿಗೆ ಬರಹವೇ ಗತಿ.

ಮಾವ

*

ಹೈದರಾಬಾದ್
12 ಫೆಬ್ರವರಿ 2025

ಮಾವಾ,

ಎರಡು ದಿನ ಬರೆಯಲು ಕೂತು ಎದ್ದೆ. ಬೇಗಂಪೇಟೆಯಲ್ಲಿ ನಾನು ನಿಮ್ಮನ್ನು ಬೈದುಕೊಂಡಿದ್ದೆ. ಅಷ್ಟು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಸೆಪ್ಟೆಂಬರ್ ಕೊನೆಯಿಂದ ಅಗಸಿಯಲ್ಲಿ ನಿಂತು ಹೋಗುವವರು ನೀವೇ ಅಲ್ಲವೇ? ಜನವರಿ 27ರಂದು ಮಾತ್ರ ಆ ಆಟಗಾರ ಬಂದಿರಲಿಲ್ಲ. ಲೆಕ್ಕ ನೋಡಿದೆ. ನಾನು ನಿಮ್ಮನ್ನು ಆಡಲು ಬಾರದವನೆಂದು ಬರೆದಿದ್ದೆ.

ಒಂದು ದಾರಿ ಇದೆ. ನೀವು ಅಂದು ಮೂರು ದಿನ ಮಾತಾಡಿದ್ದು, ನಡುನಡುವೆ ಹರಟಿದ್ದು ಎಲ್ಲ ಸೇರಿ ಹನ್ನೊಂದು ತಾಸಿನ ದನಿ ನಮ್ಮಲ್ಲಿದೆ. ಅದರಿಂದ ಕಂಪ್ಯೂಟರು ನಿಮ್ಮ ದನಿಯನ್ನು ಕಲಿಯುತ್ತದೆ. ಆಮೇಲೆ ಯಾವ ಮಾತು ಬರೆದು ಕೊಟ್ಟರೂ ನಿಮ್ಮಂತೆಯೇ ಹೇಳುತ್ತದೆ. ನಿಮ್ಮ ಸಹಿ ಇಲ್ಲದೆ ಆಟಕ್ಕೆ ಹಾಕುವುದಿಲ್ಲ ಎಂದು ನಾನು ಮ್ಯಾನೇಜರಿಂದ ಬರೆಸಿಕೊಂಡಿದ್ದೇನೆ. ಒಪ್ಪಿಗೆಯ ಕಾಗದ ಇದರೊಂದಿಗಿದೆ. ಮಾದರಿಗೆಂದು ಹನ್ನೆರಡು ಮಾತು ಮಾಡಿಸಿ ಪೆನ್ ಡ್ರೈವಿನಲ್ಲಿ ಹಾಕಿದ್ದೇನೆ. ನೀವು ಹೋಗುವ ನೆಟ್ ಸೆಂಟರಿನಲ್ಲಿ ಕೇಳಿ. ಕೊನೆಯ ಮಾತು ಆಟಕ್ಕಲ್ಲ, ನಿಮಗೆ. ಅತ್ತೆಯನ್ನು ಕರೆದಂತೆ ಮಾಡಿಸಿದ್ದೇನೆ. ಮನೆ ಖಾಲಿ ಅನ್ನಿಸಿದಾಗ ಕೇಳಬಹುದು ಎಂದು.

ಸಹಿ ಮಾಡುವಾಗ ನನ್ನ ವಿಚಾರ ಮಾಡಬೇಡಿ. ನನಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮಲ್ಲಿ

*

ರಂಗಂಪೇಟೆ
3 ಮಾರ್ಚ್ 2025

ಮಲ್ಲವ್ವ,

ಪೆನ್ ಡ್ರೈವನ್ನು ಮೈನುದ್ದೀನನ ನೆಟ್ ಸೆಂಟರಿನಲ್ಲಿ ಹಾಕಿಸಿ ಕೇಳಿದೆ. ಆಟದ ಮಾತುಗಳು ಬಲು ಛಲೋ ಇದ್ದವು. "ಅಗಸಿ ಸುಟ್ಟಾರಪ್ಪೋ, ದಾರಿ ಬಿಡ್ರಿ" ಎಂದು ನಾನು ಜನ್ಮದಲ್ಲಿ ಆಡದ ಮಾತನ್ನು ಆಡುತ್ತಿದ್ದೆ. ಮೈನುದ್ದೀನ, "ಅರೆ ಅಣ್ಣಾ, ಹೂಬಹೂ ನೀವೇ ನೋಡ್ರಿ. ಗಂಟಲು ತೆಗದ್ರೂ ನೀವು ಬಿಡಂಗಿಲ್ಲ ಬಿಡ್ರಿ" ಎಂದ. ಎದೆ ಉಬ್ಬಿತು. ಕಾಗದ ತೆಗೆದು ಸಹಿ ಹಾಕಲು ಅವನ ಪೆನ್ನು ಇಸಿದುಕೊಂಡೆ.

ಅಷ್ಟರಲ್ಲಿ ಕೊನೆಯದು ಬಂತು. "ಸೂಗಮ್ಮಾ, ಬಾಗಿಲು ತೆಗಿ, ನಾ ಬಂದೀನಿ."

ಮೂವತ್ತೆಂಟು ವರ್ಷ ಸಂಸಾರ ಮಾಡಿದೆ. ಒಂದು ದಿನವೂ ನಾನು ನಿನ್ನತ್ತೆಯ ಹೆಸರು ಹಿಡಿದು ಕರೆದವನಲ್ಲ. ಆಕೆಯೂ ನನ್ನ ಹೆಸರು ಹೇಳಿದವಳಲ್ಲ. ನಮ್ಮಲ್ಲಿ ಹಾಗೆ. ಹೊಸ್ತಿಲಲ್ಲಿ ಒಮ್ಮೆ ಕೆಮ್ಮಿದರೆ ಆಕೆ ಚಿಲಕ ತೆಗೆಯುತ್ತಿದ್ದಳು, "ಉಂಡೀರೇನು?" ಎಂದು ಕೇಳುತ್ತಿದ್ದಳು. ಅಂದು ಹೈದರಾಬಾದಿನಲ್ಲಿ ನಾನು ಹೇಳಿದ್ದು ಆಕೆಯಿಂದ ಕದ್ದ ಮಾತು. ನೀನು ಗಾಜಿನ ಆಚೆ ಬೆಳಗಿನಿಂದ ಏನೂ ತಿನ್ನದೆ ಕೂತಿದ್ದೆ, ನಿನ್ನ ಮುಖ ನೋಡಿ ಬಾಯಿಗೆ ಬಂತು.

ಆಕೆ ಹೋದ ದಿನದ ಸಂಗತಿಯನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಮನ್ಸೂರ ಆಟೋ ತಂದು ಮನೆ ಮುಂದೆ ನಿಲ್ಲಿಸಿದ. ಬೇರೆಯವರು ಸಾರುವುದು ಬೇಡವೆಂದು ನಾನೇ ಹತ್ತಿ ಮೈಕ್ ಹಿಡಿದೆ, ಗಾಡಿ ಬಜಾರಕ್ಕೆ ಬಂತು. "ಸುರಪುರ, ರಂಗಂಪೇಟೆಯ ಮಹಾಜನರಲ್ಲಿ ವಿನಂತಿ" ಎಂದೆ. ಊರಿನ ಎಷ್ಟೋ ಸಾವುಗಳನ್ನು ನಿಲ್ಲದೆ ಸಾರಿದವನು, ಹೆಸರು ಬರಬೇಕಾದ ಜಾಗದಲ್ಲಿ ನಿಂತುಬಿಟ್ಟೆ. ಬಜಾರದ ತುಂಬ ಮೈಕಿನ ಗುಂಯ್‌ಗುಡುವ ಸದ್ದೊಂದೇ. ಕೊನೆಗೆ ಮನ್ಸೂರ ಗಾಡಿ ನಿಲ್ಲಿಸಿ, ಮೈಕ್ ಇಸಿದುಕೊಂಡು, ತನ್ನ ಉರ್ದು ಬೆರೆತ ಕನ್ನಡದಲ್ಲಿ ಆಕೆಯ ಹೆಸರು ಹೇಳಿದ.

ಆವತ್ತು ನನ್ನ ಬಾಯಿಗೆ ಬಾರದ್ದನ್ನು ಈ ಮಷೀನು ತಡವರಿಸದೆ ಹೇಳಿಬಿಟ್ಟಿತು. ಅದೂ ನನ್ನ ದನಿಯಲ್ಲಿ. ನಿನ್ನ ತಪ್ಪಲ್ಲ, ನೀನು ಒಳ್ಳೆಯದಕ್ಕೇ ಮಾಡಿದೆ. ರಜೆಗೆ ಬಂದು ಹೋಗುತ್ತಿದ್ದ ಹುಡುಗಿ, ಇದನ್ನೆಲ್ಲ ಎಲ್ಲಿ ಗಮನಿಸುತ್ತಿ? ಆದರೆ ನನಗೆ ತಿಳಿಯಿತು. ನನ್ನ ದನಿಯನ್ನು ಅದು ಕಲಿತಿದೆ. ನಾನು ಎಲ್ಲಿ ಬಾಯಿ ಮುಚ್ಚುತ್ತೇನೆ ಎನ್ನುವುದನ್ನು ಕಲಿತಿಲ್ಲ. ನಾಳೆ ಕಥೆ ಬರೆಯುವವರು ಹೊಂಟವನಿಗೆ ಎಲ್ಲಿಗೆ ಎಂದು ಕೇಳು ಎಂದರೆ ಕೇಳುತ್ತದೆ. ನನ್ನ ಹಟ ಅದರಲ್ಲಿಲ್ಲ.

ಕಾಗದವನ್ನು ಸಹಿ ಇಲ್ಲದೆ ವಾಪಸು ಕಳಿಸಿದ್ದೇನೆ. ಮೈನುದ್ದೀನನ ಪೆನ್ನು ಮರೆತು ಕಿಸೆಯಲ್ಲಿ ತಂದಿದ್ದೇನೆ, ಅದರಲ್ಲೇ ಈ ಪತ್ರ. ಅವನಿಗೆ ಹೇಳಬೇಡ.

ಮಾವ

*

ಹೈದರಾಬಾದ್
6 ಏಪ್ರಿಲ್ 2025

ಮಾವನಿಗೆ,

ಹೊಸ ಅಧ್ಯಾಯ ನಿನ್ನೆ ಬೆಳಿಗ್ಗೆ ಆಟಗಾರರಿಗೆ ಹೋಯಿತು. ಮುದುಕನ ದನಿ ತೆಗೆದಿದ್ದೇವೆ. ನಾನೇ ತೆಗೆದೆ, ಬೇರೆಯವರ ಕೈಗೆ ಕೊಡಲಿಲ್ಲ. ಅತ್ತೆಯ ಹೆಸರಿನ ಆ ಮಾದರಿಯನ್ನೂ ಅಳಿಸಿದೆ. ಅದನ್ನು ಮಾಡಿಸಿದ ದಿನ ನಾನು ಎಷ್ಟು ಖುಷಿಯಾಗಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಲಾಭನಷ್ಟ ಇಲ್ಲವೆಂದು ಬರೆದದ್ದು ನಿಜವಲ್ಲ. ನಿಮ್ಮ ಮುದುಕನನ್ನು ನೋಡಿಯೇ ಕನ್ನಡದ ದನಿಯನ್ನು ಉಳಿಸಿಕೊಂಡಿದ್ದರು. ಅವನು ಸುಮ್ಮನಾದ ಮೇಲೆ ಉಳಿದವರನ್ನೂ ಸುಮ್ಮನಾಗಿಸಿದರು. ರೆಕಾರ್ಡಿಂಗ್ ಕೋಣೆಗೆ ಬೀಗ ಬಿತ್ತು. ದನಿ ಮಾಡಿಸುತ್ತಿದ್ದ ನನ್ನನ್ನು ಬರಹ ತಿದ್ದುವ ಕೆಲಸಕ್ಕೆ ಹಾಕಿದ್ದಾರೆ. ಈಗ ಇಡೀ ದಿನ ಕೆಲಸದಲ್ಲಿ ಯಾರ ದನಿಯೂ ಕೇಳುವುದಿಲ್ಲ. ನೀವು ಸಹಿ ಮಾಡಬೇಕಿತ್ತು ಎನ್ನುತ್ತಿಲ್ಲ. ಮೊದಲೇ ಹೇಳಿದ್ದರೆ ಮಾಡಿಬಿಡುತ್ತಿದ್ದಿರಿ, ಅದಕ್ಕೇ ಹೇಳಲಿಲ್ಲ.

ಬಸವಕುಮಾರ ಮತ್ತೆ ಬರೆದಿದ್ದಾನೆ. ಒಂದೇ ಸಾಲು: "ಮುದುಕರಿಗೆ ಆರಾಮಿಲ್ಲೇನ್ರಿ?" ಏನು ಬರೆಯಲಿ, ನೀವೇ ಹೇಳಿ.

ಮಲ್ಲಿ

*

ರಂಗಂಪೇಟೆ
20 ಏಪ್ರಿಲ್ 2025

ಮಲ್ಲವ್ವ,

ಆ ಹುಡುಗನಿಗೆ, ಹೌದು, ಆರಾಮಿಲ್ಲ ಎಂದು ಬರೆ. ಬೇರೆ ಏನೂ ಸೇರಿಸಬೇಡ.

ನಿನ್ನ ಕೋಣೆಯ ಬೀಗದ ಸುದ್ದಿ ಓದಿ ಎರಡು ದಿನ ಉಣ್ಣಲಾಗಲಿಲ್ಲ. ನೀನು ಹೇಳದೆ ಇದ್ದದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಬಗೆಹರಿಯುತ್ತಿಲ್ಲ. ಹೇಳಿದ್ದರೆ ಸಹಿ ಹಾಕುತ್ತಿದ್ದೆ. ಹಾಕಿ, ನಿನ್ನ ಮುಖ ನೋಡಿದಾಗಲೆಲ್ಲ ಆ ಮಷೀನನ್ನು ನೆನೆಯುತ್ತಿದ್ದೆ. ಮನೆ ತುಂಬ ಜನ ಎಂದು ನಾನು ಬರೆದದ್ದು ಸುಳ್ಳೆಂದು ನಿನಗೆ ಆಗಲೇ ತಿಳಿದಿರಬೇಕು. ಮನ್ಸೂರ ವಾರಕ್ಕೊಮ್ಮೆ ಬರುತ್ತಾನೆ. ಇಬ್ಬರೂ ಚಹಾ ಕುಡಿಯುತ್ತೇವೆ. ಅವನು ಮಾತಾಡುತ್ತಾನೆ, ಮಾತಾಡಿ ಮಾತಾಡಿ ಅವನಿಗೂ ಸಾಕಾಗುತ್ತದೆ.

ಹೊಸ ಅಧ್ಯಾಯ ಬಂದ ದಿನವೂ ನಾಲ್ಕಕ್ಕೆ ನಾನು ಮೈನುದ್ದೀನನಲ್ಲಿಗೆ ಹೋದೆ. ಅಗಸಿ ಸುಟ್ಟು ಕರಿಯಾಗಿತ್ತು. ಮುದುಕ ಅಲ್ಲೇ ನಿಂತಿದ್ದ. ನಾನು ಹತ್ತಿರ ಹೋದೆ. ಅವನು ನನ್ನ ಕಡೆ ತಿರುಗಿ ಬಾಯಿ ಆಡಿಸಿದ. ಸದ್ದಿಲ್ಲ. ಕೆಳಗೆ ಅಕ್ಷರಗಳು ಬಂದವು, ಹೋದವು. ನೀನು ತಿದ್ದಿದ ಅಕ್ಷರಗಳಿರಬೇಕು, ಒಂದೂ ತಪ್ಪಿರಲಿಲ್ಲ. ಯಾರೋ ಕುದುರೆಯ ಮೇಲೆ ಬಂದವನು ಅವನನ್ನು ನೋಡದೆ ದಾಟಿ ಹೋದ. ಮುದುಕ ಅವನಿಗೂ ಬಾಯಿ ಆಡಿಸಿದ. ನಾನು ಯಾದಗಿರಿ ಸ್ಟೇಷನ್ನಿನಲ್ಲಿ ಹೇಗೆ ಕಂಡಿರಬೇಕೆಂದು ಆಗ ತಿಳಿಯಿತು.

ನಾನು ಎದ್ದು ಬರಲಿಲ್ಲ. ಒಂದೂವರೆ ತಾಸು ಅವನ ಎದುರೇ ನಿಂತೆ. ಮರುದಿನವೂ ಹೋದೆ. ಎರಡು ವರ್ಷ ನನ್ನ ದನಿಯನ್ನು ಹೊತ್ತು ನಿಂತವನು, ಈಗ ಅವನನ್ನು ಒಬ್ಬನೇ ಬಿಟ್ಟು ಬರುವುದು ಹೇಗೆ?

ಮೂರನೆಯ ದಿನ ಮೈನುದ್ದೀನ ನನ್ನ ಹಿಂದೆ ನಿಂತು, ಹೆಡ್‌ಫೋನಿನ ಹತ್ತಿರ ಕಿವಿ ತಂದು ನೋಡಿದ. "ಅಣ್ಣಾ, ಆವಾಜ್ ಬರವಲ್ದಲ್ರಿ. ಹೆಡ್‌ಫೋನ್ ಕೆಟ್ಟದ, ತಗೀರಿ, ಬ್ಯಾರೆ ಕೊಡ್ತೀನಿ" ಎಂದು ತೆಗೆಯಲು ಬಂದ. ನಾನು ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಕೊಡಲಿಲ್ಲ.

ನಿನ್ನ ಮಾವ
ಜಗದೇವಪ್ಪ